ಕಚೇರಿಯ ಎಲ್ಲ ಕಂಪ್ಯೂಟರ್‌ಗಳಲ್ಲೂ ಆಟೊಕ್ಯಾಡ್ ಸೆಟ್ಟಿಂಗ್ ಫೈಲ್‌ಗಳು ಒಂದೇ ಆಗಿರಬೇಕಾದರೆ ಏನು ಮಾಡಬೇಕು?

ಪ್ರಶ್ನೆ: ಬಲ್ಮಠ ನಕ್ಷೆ ವಿಭಾಗ

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಬಲ್ಮಠದಲ್ಲಿರುವ ನಮ್ಮ ವಾಸ್ತುಶಿಲ್ಪ ಕಚೇರಿಯಲ್ಲಿ ಹನ್ನೆರಡು ಕಂಪ್ಯೂಟರ್‌ಗಳಲ್ಲಿ ನಕ್ಷೆ ಬರೆಯುವ ಸಾಫ್ಟ್‌ವೇರ್ ಆಟೊಕ್ಯಾಡ್ 2022 ಇದೆ. ಉಡುಪಿಯ ಶಾಖೆಯಲ್ಲಿ ಇನ್ನು ಮೂರಿವೆ. ಡ್ರಾಯಿಂಗ್‌ಗಳೆಲ್ಲ ವಿಂಡೋಸ್ 10 ಪ್ರೊ ಇರುವ ಒಂದು ಕಂಪ್ಯೂಟರಿನಲ್ಲಿ, ಶೇರ್ ಮಾಡಿದ ಫೋಲ್ಡರ್‌ನಲ್ಲಿವೆ. ಅದನ್ನೇ ನಾವು ಸರ್ವರ್ ಎಂದು ಕರೆಯುತ್ತೇವೆ. ಕಚೇರಿಯಲ್ಲಿ ಎಲ್ಲ ಖಾತೆಗಳನ್ನು ಒಂದೇ ಕಡೆಯಿಂದ ನಿಯಂತ್ರಿಸುವ ಡೊಮೈನ್ ವ್ಯವಸ್ಥೆ ಇಲ್ಲ, ಎಲ್ಲವೂ ಒಂದೇ ವರ್ಕ್‌ಗ್ರೂಪಿನಲ್ಲಿವೆ.

ತೊಂದರೆ ಎರಡು ಬಗೆಯದು. ಮೊದಲನೆಯದು ಪ್ರಿಂಟಿನದು. ಒಂದೇ ಡ್ರಾಯಿಂಗನ್ನು ಎರಡು ಕಂಪ್ಯೂಟರ್‌ಗಳಿಂದ ಪ್ಲಾಟ್ ಮಾಡಿದರೆ ಗೆರೆಗಳ ದಪ್ಪ ಬೇರೆ ಬೇರೆ ಬರುತ್ತದೆ. ಹಳದಿ ಬಣ್ಣದಲ್ಲಿ ಬರೆದ ಗೋಡೆಯ ಗೆರೆ 0.35 ಮಿಲಿಮೀಟರ್ ಬರಬೇಕಾದಲ್ಲಿ ಒಂದು ಕಂಪ್ಯೂಟರಿನಿಂದ 0.18 ಬಂತು. ಗೋಡೆಯ ಅಂಚೂ ಅದರೊಳಗೆ ತುಂಬಿಸಿದ ಹ್ಯಾಚ್ ವಿನ್ಯಾಸದ ಗೆರೆಗಳೂ ಒಂದೇ ತೆಳುವಾಗಿ ಕಾಣಿಸಿ, ಸೈಟಿನ ಮೇಸ್ತ್ರಿಗೆ ಗೋಡೆ ಎಲ್ಲಿ ಮುಗಿಯುತ್ತದೆ ಎಂಬುದೇ ತಿಳಿಯದಂತಾಯಿತು. ಎರಡೂ ಕಡೆ ಪ್ರಿಂಟಿನ ಗೆರೆದಪ್ಪ ನಿರ್ಧರಿಸುವ ಸಿಟಿಬಿ ಫೈಲಿನ ಹೆಸರು ಮಾತ್ರ ಒಂದೇ ಇದೆ.

ಎರಡನೆಯದು ಹೊಸಬರು ಸೇರಿದಾಗಿನದು. ಮುರಕಲ್ಲಿನ ಗೋಡೆಗೆ ಮತ್ತು ಹಂಚಿನ ಮಾಡಿಗೆ ನಾವೇ ಮಾಡಿಕೊಂಡ ಹ್ಯಾಚ್‌ಗಳು, ಲೈನ್‌ಟೈಪ್‌ಗಳು, ಟೈಟಲ್ ಬ್ಲಾಕ್, ಕಮಾಂಡುಗಳ ಶಾರ್ಟ್‌ಕಟ್‌ಗಳು ಇವೆಲ್ಲವನ್ನು ಪ್ರತಿ ಹೊಸ ಕಂಪ್ಯೂಟರಿಗೆ ಕೈಯಿಂದ ಹಾಕಬೇಕಾಗುತ್ತದೆ. ಈ ಕೆಲಸ ತಪ್ಪಿಸಲು ಹಿಂದೆ ಒಬ್ಬರು ತಮ್ಮ ಪ್ರೊಫೈಲನ್ನು (ತಮ್ಮ ಆಟೊಕ್ಯಾಡ್ ಸೆಟ್ಟಿಂಗ್‌ಗಳನ್ನು) ಎಆರ್‌ಜಿ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ ಎಲ್ಲ ಕಡೆ ಇಂಪೋರ್ಟ್ ಮಾಡಿಸಿದ್ದರು. ಅವರು ಕೆಲಸ ಬಿಟ್ಟು ಹೋದ ಮೇಲೆಯೂ ಆಪ್ಷನ್ಸ್ ತೆರೆದರೆ ಕೆಲವು ಪಾತ್‌ಗಳಲ್ಲಿ (ಫೋಲ್ಡರಿನ ವಿಳಾಸಗಳಲ್ಲಿ) ಅವರ ಯೂಸರ್ ಹೆಸರೇ ಕಾಣಿಸುತ್ತದೆ, ಆ ಪಾತ್‌ಗಳು ಈಗಿನ ಕಂಪ್ಯೂಟರ್‌ಗಳಲ್ಲಿ ಇಲ್ಲವೇ ಇಲ್ಲ.

ಎಲ್ಲರ ಆಟೊಕ್ಯಾಡ್ ಸರ್ವರಿನ ಒಂದೇ ಫೋಲ್ಡರನ್ನು ನೋಡುವಂತೆ ಮಾಡಿದರೆ ಸಾಕೇ, ಅಥವಾ ಒಂದೊಂದು ಕಂಪ್ಯೂಟರಿಗೂ ಫೈಲ್‌ಗಳ ಪ್ರತಿ (ಕಾಪಿ) ಹಾಕಬೇಕೇ? ಯಾವ ಫೈಲ್‌ಗಳನ್ನು ಹಂಚಿಕೊಳ್ಳಬಹುದು, ಯಾವುದನ್ನು ಹಂಚಿಕೊಳ್ಳಲೇಬಾರದು? ಮಳೆಗಾಲದಲ್ಲಿ ಕರೆಂಟು ಹೋಗಿ ಸರ್ವರ್ ನಿಲ್ಲುವುದು ಇಲ್ಲಿ ಸಾಮಾನ್ಯವಾದುದರಿಂದ ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹಂಚಿನಮಾಡು

ನಿಮ್ಮ ಎರಡು ತೊಂದರೆಗಳ ಮೂಲ ಬೇರೆ ಬೇರೆ. ಯಾವ ಫೈಲ್ ಎಲ್ಲಿರಬೇಕು ಎಂದು ತೀರ್ಮಾನಿಸುವ ಮೊದಲು, ಡ್ರಾಯಿಂಗ್ ಫೈಲ್ ತನ್ನೊಳಗೆ ಯಾವುದನ್ನು ಇಟ್ಟುಕೊಂಡಿರುತ್ತದೆ, ಯಾವುದರ ಹೆಸರನ್ನು ಮಾತ್ರ ಬರೆದಿಟ್ಟುಕೊಂಡಿರುತ್ತದೆ ಎಂಬುದನ್ನು ವಿಂಗಡಿಸಿಕೊಳ್ಳಬೇಕು. ನನ್ನ ಅಭಿಪ್ರಾಯದಲ್ಲಿ ಉಳಿದೆಲ್ಲ ನಿರ್ಧಾರಗಳೂ ಇದರ ಮೇಲೆಯೇ ನಿಂತಿವೆ.

ಹ್ಯಾಚನ್ನೇ ತೆಗೆದುಕೊಳ್ಳಿ. ನೀವು ಮುರಕಲ್ಲಿನ ಹ್ಯಾಚ್ ಹಾಕಿದ ಡ್ರಾಯಿಂಗನ್ನು ಆ ಹ್ಯಾಚಿನ ವಿವರವಿರುವ ಪ್ಯಾಟ್ ಫೈಲ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೂ ಹ್ಯಾಚ್ ಸರಿಯಾಗಿಯೇ ಕಾಣಿಸುತ್ತದೆ, ಏಕೆಂದರೆ ಅದರ ಗೆರೆಗಳ ವಿವರ ಡ್ರಾಯಿಂಗಿನೊಳಗೇ ಇರುತ್ತದೆ. ಅಲ್ಲಿ ಹೊಸದಾಗಿ ಅದೇ ಹ್ಯಾಚ್ ಹಾಕಲು ಹೊರಟಾಗ ಮಾತ್ರ ಪ್ಯಾಟ್ ಫೈಲ್ ಬೇಕಾಗುತ್ತದೆ. ಲೈನ್‌ಟೈಪ್‌ಗಳದೂ ಹೆಚ್ಚುಕಡಿಮೆ ಇದೇ ಕಥೆ. ಟೆಂಪ್ಲೇಟಿನಲ್ಲಿರುವುದು ಹೊಸ ಡ್ರಾಯಿಂಗ್ ಆರಂಭಿಸುವ ಹೊತ್ತಿಗೆ ಅದರೊಳಗೆ ಇಳಿದುಬಿಡುತ್ತದೆ. ಆಮೇಲೆ ಟೆಂಪ್ಲೇಟನ್ನು ಎಷ್ಟು ತಿದ್ದಿದರೂ ಹಳೆಯ ಡ್ರಾಯಿಂಗ್‌ಗಳಿಗೆ ಅದು ತಟ್ಟುವುದಿಲ್ಲ.

ಸಿಟಿಬಿ ಹಾಗಲ್ಲ. 255 ಬಣ್ಣಗಳಿಗೆ ಒಂದೊಂದು ದಪ್ಪ, ಒಂದೊಂದು ಛಾಯೆ ಎಂದು ಅದರಲ್ಲಿ ಬರೆದಿರುತ್ತದೆ, ಆದರೆ ಡ್ರಾಯಿಂಗಿನ ಲೇಔಟ್ (ಪ್ರಿಂಟಿಗೆ ಹೊಂದಿಸಿದ ಹಾಳೆ) ಆ ಫೈಲಿನ ಹೆಸರನ್ನಷ್ಟೇ ನೆನಪಿಟ್ಟುಕೊಳ್ಳುತ್ತದೆ. ಪ್ಲಾಟ್ ಕೊಟ್ಟ ಕ್ಷಣದಲ್ಲಿ ಆ ಕಂಪ್ಯೂಟರಿನಲ್ಲಿ ಆ ಹೆಸರಿನ ಯಾವ ಫೈಲ್ ಸಿಗುತ್ತದೆಯೋ ಅದರಂತೆ ಗೆರೆ ಬರುತ್ತದೆ. ಯಾರೋ ಒಬ್ಬರು ತಮ್ಮ ಕಂಪ್ಯೂಟರಿನಲ್ಲಿ ಎರಡನೇ ಬಣ್ಣದ, ಅಂದರೆ ಹಳದಿಯ, ದಪ್ಪವನ್ನು ಬದಲಾಯಿಸಿ ಅದೇ ಹೆಸರಿನಲ್ಲಿ ಸೇವ್ ಮಾಡಿದ್ದಾರೆ. ನಿಮ್ಮ ಗೋಡೆ ತೆಳುವಾದದ್ದು ಹೀಗೆ. ಆಟೊಕ್ಯಾಡಿನದೇ ಆದ ಎಸ್‌ಎಚ್‌ಎಕ್ಸ್ ಫಾಂಟ್‌ಗಳೂ ಇದೇ ಗುಂಪಿಗೆ ಸೇರುತ್ತವೆ: ಫೈಲ್ ಸಿಗದಿದ್ದರೆ ಆಟೊಕ್ಯಾಡ್ ಬದಲಿ ಫಾಂಟ್ ಹಾಕುತ್ತದೆ, ಅಕ್ಷರಗಳ ಅಗಲ ಬದಲಾಗಿ ಅಳತೆಯ ಅಂಕಿಗಳು ಗೆರೆಗಳ ಮೇಲೆ ಹೋಗಿ ಕೂರುತ್ತವೆ. ಟೈಟಲ್ ಬ್ಲಾಕಿನಲ್ಲಿ ಕನ್ನಡ ಬಳಸುವವರು ಇನ್ನೊಂದನ್ನು ಗಮನಿಸಬೇಕು. ನುಡಿಯಂಥ ಟ್ರೂಟೈಪ್ ಫಾಂಟ್‌ಗಳನ್ನು ಸರ್ವರಿನ ಫೋಲ್ಡರ್‌ನಲ್ಲಿ ಇಟ್ಟು ಪ್ರಯೋಜನವಿಲ್ಲ. ಅವನ್ನು ಪ್ರತಿಯೊಂದು ವಿಂಡೋಸಿನಲ್ಲೂ ಇನ್‌ಸ್ಟಾಲ್ ಮಾಡಬೇಕು. ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಬರೆದ ಮನೆ ಯಜಮಾನರ ಹೆಸರು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣಿಸುತ್ತದೆ, ಅದೇ ಪ್ರಿಂಟಾಗಿ ಪಂಚಾಯತಿಗೆ ಹೋಗುವ ಅಪಾಯವೂ ಇದೆ.

ಹಾಗಾಗಿ ಹೆಸರಿನಿಂದ ಮಾತ್ರ ಕರೆಯಲ್ಪಡುವ ಫೈಲ್‌ಗಳು, ಅಂದರೆ ಸಿಟಿಬಿ, ಎಸ್‌ಎಚ್‌ಎಕ್ಸ್ ಮತ್ತು ಪ್ಲಾಟರಿನ (ನಕ್ಷೆ ಪ್ರಿಂಟರಿನ) ಸೆಟ್ಟಿಂಗ್‌ಗಳಿರುವ ಪಿಸಿ3, ಪಿಎಂಪಿ ಫೈಲ್‌ಗಳು, ಕಚೇರಿಯಿಡೀ ಒಂದೇ ಆಗಿರಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಪ್ಯಾಟ್, ಲೈನ್‌ಟೈಪ್‌ಗಳ ಲಿನ್ ಫೈಲ್, ಟೆಂಪ್ಲೇಟ್, ಟೂಲ್ ಪ್ಯಾಲೆಟ್‌ಗಳು ಒಂದೇ ಆಗಿದ್ದರೆ ಒಳ್ಳೆಯದು. ಪ್ಯಾಟ್ ಫೈಲ್ ಮಾಡುವಾಗ ಒಂದು ಫೈಲಿನಲ್ಲಿ ಒಂದೇ ಹ್ಯಾಚ್ ಇರಲಿ, ಹ್ಯಾಚಿನ ಹೆಸರೂ ಫೈಲಿನ ಹೆಸರೂ ಒಂದೇ ಇರಲಿ, ಇಲ್ಲವಾದರೆ ಆಟೊಕ್ಯಾಡಿಗೆ ಅದು ಸಿಗುವುದಿಲ್ಲ.

ಇನ್ನು ಹಂಚಿಕೊಳ್ಳಬಾರದ್ದು. ಮೆನು, ರಿಬ್ಬನ್‌ಗಳ ಮುಖ್ಯ ಸಿಯುಐಎಕ್ಸ್ ಫೈಲನ್ನು ಯಾವ ಕಾರಣಕ್ಕೂ ಹಲವರಿಗೆ ಒಂದೇ ಮಾಡಬೇಡಿ. ಪ್ರತಿಯೊಬ್ಬರ ಆಟೊಕ್ಯಾಡ್ ಅದರಲ್ಲಿ ಬರೆಯುತ್ತಿರುತ್ತದೆ, ಒಬ್ಬರು ಟೂಲ್‌ಬಾರ್ ಸರಿಸಿದ್ದು ಇನ್ನೊಬ್ಬರ ಪರದೆಯಲ್ಲಿ ಮೂಡುತ್ತದೆ. ಕಚೇರಿಯ ಸಾಮಾನ್ಯ ಬಟನ್‌ಗಳಿಗೆಂದೇ ಆಪ್ಷನ್ಸ್‌ನಲ್ಲಿ ಎಂಟರ್‌ಪ್ರೈಸ್ ಕಸ್ಟಮೈಸೇಷನ್ ಫೈಲ್ ಎಂಬ ಪ್ರತ್ಯೇಕ ಸ್ಥಾನವಿದೆ. ಅಲ್ಲಿ ಕೊಟ್ಟ ಸಿಯುಐಎಕ್ಸನ್ನು ಆಟೊಕ್ಯಾಡ್ ಓದುತ್ತದೆಯೇ ಹೊರತು ಯಾರಿಗೂ ತಿದ್ದಲು ಬಿಡುವುದಿಲ್ಲ. ತಿದ್ದುವ ಜವಾಬ್ದಾರಿ ಇರುವವರು ಅದನ್ನು ಮುಖ್ಯ ಫೈಲಿನ ಸ್ಥಾನದಲ್ಲಿ ಇಟ್ಟುಕೊಂಡ ಬೇರೊಂದು ಪ್ರೊಫೈಲ್ ಮಾಡಿಕೊಂಡರೆ ಆಯಿತು. ಆಟೋಸೇವ್ ಫೋಲ್ಡರ್ ಮತ್ತು ಟೆಂಪ್ ಫೋಲ್ಡರ್ ಸಹ ಆಯಾ ಕಂಪ್ಯೂಟರಿನಲ್ಲೇ ಇರಲಿ. ಪರದೆಯ ಬಣ್ಣ, ಕರ್ಸರಿನ ಅಳತೆ ಮುಂತಾದವು ಅವರವರ ಕಣ್ಣಿಗೆ ಸಂಬಂಧಪಟ್ಟದ್ದು. ದಿನವಿಡೀ ಪರದೆ ನೋಡುವವರ ಮೇಲೆ ಇನ್ನೊಬ್ಬರ ಇಷ್ಟವನ್ನು ಹೇರುವುದು ಸರಿಯಲ್ಲ.

ಎಆರ್‌ಜಿ ಫೈಲ್ ಕೈಕೊಟ್ಟದ್ದೂ ಇದೇ ಕಾರಣಕ್ಕೆ. ಅದು ವಿಂಡೋಸ್ ರಿಜಿಸ್ಟ್ರಿಯಲ್ಲಿರುವ ಒಬ್ಬರ ಸೆಟ್ಟಿಂಗ್‌ಗಳ ಇಡೀ ನಕಲು. ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ: ಸಿ ಡ್ರೈವ್, ಯೂಸರ್ಸ್, ಆಮೇಲೆ ಆ ವ್ಯಕ್ತಿಯ ಹೆಸರು, ಆಪ್‌ಡೇಟಾ, ರೋಮಿಂಗ್ ಎಂದು ಸಾಗುವ ಸಾಲುಗಳು ಸಿಗುತ್ತವೆ. ಕಚೇರಿಗೆ ಸೇರಿದ್ದೂ ವ್ಯಕ್ತಿಗೆ ಸೇರಿದ್ದೂ ಅದರಲ್ಲಿ ಬೆರೆತುಹೋಗಿರುತ್ತವೆ.

ಆಟೊಕ್ಯಾಡ್ ತನ್ನ ಫೈಲ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿಯಲ್ಲಿ, ಅಂದರೆ ಸಪೋರ್ಟ್ ಫೈಲ್ ಸರ್ಚ್ ಪಾತ್‌ನಲ್ಲಿ, ಫೋಲ್ಡರ್‌ಗಳ ಅನುಕ್ರಮಕ್ಕೂ ಮಹತ್ವವಿದೆ. ಆಟೊಕ್ಯಾಡ್ ಮೇಲಿನಿಂದ ಕೆಳಕ್ಕೆ ಹುಡುಕಿ, ಮೊದಲು ಸಿಕ್ಕಿದ್ದನ್ನು ಬಳಸುತ್ತದೆ, ಮುಂದಕ್ಕೆ ನೋಡುವುದಿಲ್ಲ. ಶಾರ್ಟ್‌ಕಟ್‌ಗಳ ಪಿಜಿಪಿ ಫೈಲನ್ನು ಕಚೇರಿಯ ಫೋಲ್ಡರ್‌ನಲ್ಲಿ ಇಟ್ಟು, ಆ ಫೋಲ್ಡರನ್ನು ಪಟ್ಟಿಯ ತಳಕ್ಕೆ ಸೇರಿಸಿದರೆ ಅದು ಎಂದೂ ಓದಲ್ಪಡುವುದಿಲ್ಲ, ಬಳಕೆದಾರರ ಫೋಲ್ಡರ್‌ನಲ್ಲಿರುವ ಪಿಜಿಪಿಯೇ ಗೆಲ್ಲುತ್ತದೆ. ಯಾವುದು ಬಳಕೆಯಲ್ಲಿದೆ ಎಂಬ ಅನುಮಾನ ಬಂದರೆ ಕಮಾಂಡ್ ಲೈನಿನಲ್ಲಿ ಆವರಣ ಚಿಹ್ನೆಯೊಳಗೆ ಫೈಂಡ್‌ಫೈಲ್ ಎಂದು ಬರೆದು, ಮುಂದೆ ಉದ್ಧರಣ ಚಿಹ್ನೆಯೊಳಗೆ ಪಿಜಿಪಿ ಫೈಲಿನ ಹೆಸರು ಕೊಟ್ಟು ಎಂಟರ್ ಒತ್ತಿ. ಪೂರ್ತಿ ಪಾತ್ ಕಾಣಿಸುತ್ತದೆ. ಪಿಜಿಪಿ ತಿದ್ದಿದ ಮೇಲೆ ರೀಇನಿಟ್ ಕಮಾಂಡ್ ಕೊಟ್ಟರೆ ಆಟೊಕ್ಯಾಡ್ ಮುಚ್ಚದೆಯೇ ಹೊಸದು ಜಾರಿಗೆ ಬರುತ್ತದೆ.

ಉತ್ತರ: ಸುರತ್ಕಲ್ ಸಿವಿಲ್

ಮೇಲಿನ ಉತ್ತರದ ವಿಂಗಡಣೆಯನ್ನು ಒಪ್ಪುತ್ತೇನೆ. ಎಲ್ಲಿ ಇಡಬೇಕು ಎಂಬ ಪ್ರಶ್ನೆಗೆ, ಹನ್ನೆರಡು ಕಂಪ್ಯೂಟರಿನ ಕಚೇರಿಗೆ ಸರ್ವರಿನ ಫೋಲ್ಡರನ್ನೇ ನೇರವಾಗಿ ಆಪ್ಷನ್ಸ್‌ನಲ್ಲಿ ಕೊಡುವುದು ಸಾಕು ಎಂಬುದು ನನ್ನ ಸಲಹೆ. ಪ್ರತಿಗಳು ಹೆಚ್ಚಾದಷ್ಟೂ ಯಾವುದು ಹೊಸದು, ಯಾವುದು ಹಳೆಯದು ಎಂಬ ಗೊಂದಲ ಹೆಚ್ಚುತ್ತದೆ, ನೀವು ಈಗ ಅನುಭವಿಸುತ್ತಿರುವುದೂ ಅದನ್ನೇ ಅಲ್ಲವೇ? ಸರ್ವರಿನಲ್ಲಿ ಒಂದೇ ಸಿಟಿಬಿ ಇದ್ದರೆ ಬದಲಾವಣೆ ಆದ ಕೂಡಲೇ ಎಲ್ಲರಿಗೂ ತಲುಪುತ್ತದೆ. ಸರ್ವರಿಗೆ ಒಂದು ಒಳ್ಳೆಯ ಯುಪಿಎಸ್ ಹಾಕಿ, ಅದರ ಜೊತೆಗೆ ನೆಟ್‌ವರ್ಕ್ ಸ್ವಿಚ್ಚನ್ನೂ ಅದೇ ಯುಪಿಎಸ್‌ಗೆ ಸೇರಿಸಿ. ಸರ್ವರ್ ನಡೆಯುತ್ತಿದ್ದು ಸ್ವಿಚ್ ಮಾತ್ರ ಆರಿದರೆ ಫಲಿತಾಂಶ ಒಂದೇ.

ಉತ್ತರ: ಮಣಿಪಾಲ ಸಿಸ್ಟಮ್ ಅಡ್ಮಿನ್

ಸುರತ್ಕಲ್‌ನವರು ಹೇಳಿದ ಸರಳತೆ ನಿಜ. ಆದರೂ ಕರಾವಳಿಯ ಪರಿಸ್ಥಿತಿಗೆ ನಾನು ಪ್ರತಿ ಹಾಕುವ ಮಾರ್ಗವನ್ನೇ ಸೂಚಿಸುತ್ತೇನೆ, ಕಾರಣ ಹೇಳುತ್ತೇನೆ.

ಸರ್ಚ್ ಪಾತ್‌ನಲ್ಲಿ ಕೊಟ್ಟ ಸರ್ವರ್ ಫೋಲ್ಡರ್ ಸಿಗದಿದ್ದರೆ ಆಟೊಕ್ಯಾಡ್ ಸುಮ್ಮನೆ ಅದನ್ನು ಬಿಟ್ಟು ಮುಂದಕ್ಕೆ ಹೋಗುವುದಿಲ್ಲ. ವಿಂಡೋಸ್ ನೆಟ್‌ವರ್ಕಿನಲ್ಲಿ ಅದನ್ನು ಹುಡುಕಿ ಸೋಲುವ ತನಕ ಕಾಯುತ್ತದೆ. ಅಂಥ ಪಾತ್‌ಗಳು ನಾಲ್ಕೈದಿದ್ದರೆ ಪ್ರತಿಯೊಂದಕ್ಕೂ ಕಾಯಬೇಕು, ಪ್ರೋಗ್ರಾಮ್ ತೆರೆಯುವುದೂ ಡ್ರಾಯಿಂಗ್ ತೆರೆಯುವುದೂ ಎಳೆದಾಡುತ್ತದೆ. ಯುಪಿಎಸ್ ಕರೆಂಟು ಹೋಗುವುದನ್ನು ತಡೆದೀತು, ಆದರೆ ಮಳೆಗಾಲದ ಮುಂಚಿನ ಗುಡುಗು ಸಿಡಿಲಿಗೆ ಇಲ್ಲಿ ಸ್ವಿಚ್ಚು, ರೂಟರುಗಳು ಸುಟ್ಟುಹೋಗುವುದು ಹೊಸದಲ್ಲ. ಡ್ರಾಯಿಂಗ್‌ಗಳು ಸರ್ವರಿನಲ್ಲಿರುವಾಗ ಸರ್ವರಿಲ್ಲದೆ ಸೆಟ್ಟಿಂಗ್ ಇದ್ದು ಏನು ಪ್ರಯೋಜನ ಎಂದು ಕೇಳಬಹುದು. ಪೆನ್‌ಡ್ರೈವಿನಲ್ಲಿ ಅಥವಾ ಇಮೇಲಿನಲ್ಲಿ ಬಂದ ಒಂದು ಡ್ರಾಯಿಂಗನ್ನು ತುರ್ತಾಗಿ ಪ್ಲಾಟ್ ಮಾಡಿ ಸೈಟಿಗೆ ಕಳುಹಿಸಬೇಕಾದ ದಿನವೇ ಅದರ ಪ್ರಯೋಜನ ಗೊತ್ತಾಗುವುದು.

ಹೀಗೆ ಮಾಡಿ. ಸರ್ವರಿನಲ್ಲಿ ಕಚೇರಿಯ ಫೈಲ್‌ಗಳಿಗೆ ಡ್ರಾಯಿಂಗ್‌ಗಳಿಂದ ಪ್ರತ್ಯೇಕವಾದ ಒಂದು ಶೇರ್ ಮಾಡಿ. ಅದರಲ್ಲಿ ಬರೆಯುವ ಅಧಿಕಾರ ಒಬ್ಬರಿಗೆ ಅಥವಾ ಇಬ್ಬರಿಗೆ ಮಾತ್ರ ಇರಲಿ, ಉಳಿದವರಿಗೆ ಓದುವ ಅಧಿಕಾರ ಸಾಕು. ಶೇರಿನ ಅನುಮತಿ ಮತ್ತು ಫೋಲ್ಡರಿನ ಸೆಕ್ಯೂರಿಟಿ ಟ್ಯಾಬಿನ ಅನುಮತಿ ಎಂದು ಎರಡಿರುತ್ತವೆ, ಎರಡರಲ್ಲಿ ಯಾವುದು ಹೆಚ್ಚು ಬಿಗಿಯೋ ಅದೇ ನಡೆಯುತ್ತದೆ ಎಂಬುದನ್ನು ನೆನಪಿಡಿ. ನಂತರ ಪ್ರತಿ ಕಂಪ್ಯೂಟರಿನ ಸಿ ಡ್ರೈವಿನಲ್ಲಿ, ಯೂಸರ್ಸ್ ಫೋಲ್ಡರಿನ ಹೊರಗೆ, ಒಂದೇ ಹೆಸರಿನ ಫೋಲ್ಡರ್ ಮಾಡಿ ಸರ್ವರಿನಿಂದ ಅಲ್ಲಿಗೆ ಪ್ರತಿ ಬರುವಂತೆ ಮಾಡಿ. ಆಟೊಕ್ಯಾಡಿಗೆ ತೋರಿಸಬೇಕಾದದ್ದು ಈ ಫೋಲ್ಡರನ್ನು. ಯಾರ ಯೂಸರ್ ಹೆಸರೂ ಆ ಪಾತ್‌ನಲ್ಲಿ ಬರುವುದಿಲ್ಲವಾದುದರಿಂದ ಹದಿನೈದು ಕಂಪ್ಯೂಟರುಗಳಲ್ಲೂ ಪಾತ್ ಅಕ್ಷರಶಃ ಒಂದೇ ಇರುತ್ತದೆ; ಹೊಸ ಕಂಪ್ಯೂಟರಿನಲ್ಲಿ ಶುಚಿಯಾದ ಪ್ರೊಫೈಲಿನಿಂದ ಮಾಡಿದ ಎಆರ್‌ಜಿಯನ್ನು ಬಳಸುವುದಕ್ಕೂ ಆಗ ಅಡ್ಡಿಯಿಲ್ಲ.

ಪ್ರತಿ ಹಾಕುವುದಕ್ಕೆ ವಿಂಡೋಸಿನಲ್ಲೇ ಇರುವ ರೋಬೋಕಾಪಿ ಸಾಕು, ಬೇರೆ ಸಾಫ್ಟ್‌ವೇರ್ ಖರೀದಿಸಬೇಕಾಗಿಲ್ಲ. ಅದರ ಎಂಐಆರ್ ಎಂಬ ಸ್ವಿಚ್ (ಕಮಾಂಡಿನ ಜೊತೆ ಬರೆಯುವ ಆಯ್ಕೆ) ಎರಡೂ ಫೋಲ್ಡರುಗಳನ್ನು ಒಂದೇ ಮಾಡುತ್ತದೆ, ಅಂದರೆ ಸರ್ವರಿನಲ್ಲಿ ಇಲ್ಲದ ಫೈಲ್ ಇಲ್ಲಿದ್ದರೆ ಅದನ್ನು ಅಳಿಸುತ್ತದೆ. ನಮಗೆ ಬೇಕಾದದ್ದು ಅದೇ, ಆದರೆ ಗುರಿ ಫೋಲ್ಡರನ್ನು ಬರೆಯುವಾಗ ಎರಡೆರಡು ಸಲ ನೋಡಿ. ತಪ್ಪಿ ಯಾರದೋ ಡಾಕ್ಯುಮೆಂಟ್ಸ್ ಫೋಲ್ಡರನ್ನು ಕೊಟ್ಟರೆ ಅವರ ಕೆಲಸವೆಲ್ಲ ಅಳಿಸಿಹೋಗುತ್ತದೆ. ಫೈಲ್ ಪ್ರತಿಯಾಗದಿದ್ದರೆ ರೋಬೋಕಾಪಿ ತಾನಾಗಿ ಹತ್ತು ಲಕ್ಷ ಸಲ, ಪ್ರತಿ ಸಲಕ್ಕೂ 30 ಸೆಕೆಂಡು ಕಾದು ಮರುಪ್ರಯತ್ನಿಸುವಂತೆ ಹೊಂದಿಸಲ್ಪಟ್ಟಿರುತ್ತದೆ. ಆದುದರಿಂದ ಮರುಪ್ರಯತ್ನದ ಸಂಖ್ಯೆ ಹೇಳುವ ಆರ್ ಮತ್ತು ಕಾಯುವ ಸೆಕೆಂಡು ಹೇಳುವ ಡಬ್ಲ್ಯು ಸ್ವಿಚ್‌ಗಳಲ್ಲಿ ಒಂದು, ಎರಡು ಎಂಬ ಸಣ್ಣ ಸಂಖ್ಯೆಗಳನ್ನು ಕೊಡಲೇಬೇಕು.

ಸರ್ವರನ್ನು ಐಪಿ ವಿಳಾಸದಿಂದ ಕರೆಯಬೇಡಿ, ಝಡ್ ಡ್ರೈವ್ ಎಂಬಂಥ ಮ್ಯಾಪ್ ಮಾಡಿದ ಅಕ್ಷರದಿಂದಲೂ ಬೇಡ. ರೂಟರ್ ಮತ್ತೆ ಶುರುವಾದಾಗ ಐಪಿ ಬದಲಾಗಬಹುದು. ಮ್ಯಾಪ್ ಮಾಡಿದ ಡ್ರೈವ್ ಆಯಾ ಬಳಕೆದಾರರ ಲಾಗಿನ್‌ಗೆ ಮಾತ್ರ ಕಾಣಿಸುತ್ತದೆ. ಎರಡು ಹಿಂದಿನ ಓರೆಗೆರೆಗಳ ನಂತರ ಕಂಪ್ಯೂಟರಿನ ಹೆಸರು ಬರೆಯುವ ಪೂರ್ಣ ರೂಪವನ್ನೇ ಬಳಸಿ. ಅಂದಹಾಗೆ ನಿಮ್ಮ ಸರ್ವರಿನಲ್ಲಿರುವ ವಿಂಡೋಸ್ 10 ಪ್ರೊ ಏಕಕಾಲಕ್ಕೆ 20 ಸಾಧನಗಳ ಸಂಪರ್ಕಕ್ಕಷ್ಟೇ ಅವಕಾಶ ಕೊಡುತ್ತದೆ. ಈಗ ಸಾಲುತ್ತದೆ, ಕಚೇರಿ ಬೆಳೆದರೆ ಬೇರೆ ವ್ಯವಸ್ಥೆ ಬೇಕು.

ಉತ್ತರ: ಸುರತ್ಕಲ್ ಸಿವಿಲ್

ಸಿಡಿಲಿನ ಮಾತು ಒಪ್ಪಿದೆ. ಆದರೆ ಈ ಪ್ರತಿ ಹಾಕುವ ಕೆಲಸ ನಡೆಯುವುದು ಯಾವಾಗ? ಲಾಗಿನ್ ಆಗುವಾಗ ಎಂದಾದರೆ, ನಮ್ಮಲ್ಲಿ ಹೆಚ್ಚಿನವರು ಸಂಜೆ ಕಂಪ್ಯೂಟರ್ ಶಟ್‌ಡೌನ್ ಮಾಡದೆ ಸ್ಲೀಪ್‌ನಲ್ಲಿ ಬಿಟ್ಟು ಹೋಗುತ್ತಾರೆ. ವಾರಗಟ್ಟಲೆ ಹೊಸ ಲಾಗಿನ್ ಇರುವುದಿಲ್ಲ. ಸೋಮವಾರ ಬದಲಾಯಿಸಿದ ಸಿಟಿಬಿ ಕೆಲವರಿಗೆ ಶುಕ್ರವಾರವೂ ಬಂದಿರುವುದಿಲ್ಲ, ಅವರಿಗದು ಗೊತ್ತೂ ಆಗುವುದಿಲ್ಲ.

ಉತ್ತರ: ಕಾಪು ಲೈಟ್‌ಹೌಸ್

ಆ ಪ್ರಶ್ನೆಗೆ ಉತ್ತರಿಸುವ ಮೊದಲು ಇನ್ನೊಂದು ವಿಷಯವನ್ನು ಇಲ್ಲಿ ಸೇರಿಸಲೇಬೇಕು, ಏಕೆಂದರೆ ಎರಡಕ್ಕೂ ಪರಿಹಾರ ಒಂದೇ.

ಸರ್ಚ್ ಪಾತ್‌ನಲ್ಲಿರುವ ಫೋಲ್ಡರಿನಲ್ಲಿ ಯಾರು ಬೇಕಾದರೂ ಫೈಲ್ ಇಡಬಹುದಾದ ಸ್ಥಿತಿ ಇರಬಾರದು. ಎಕ್ಯಾಡ್‌ಡಾಕ್ ಎಂಬ ಹೆಸರಿನ ಲಿಸ್ಪ್ ಫೈಲ್ (ಆಟೊಕ್ಯಾಡಿನೊಳಗೆ ಓಡುವ ಸಣ್ಣ ಪ್ರೋಗ್ರಾಮ್) ಪಾತ್‌ನಲ್ಲಿ ಸಿಕ್ಕಿದರೆ ಆಟೊಕ್ಯಾಡ್ ಪ್ರತಿ ಡ್ರಾಯಿಂಗ್ ತೆರೆಯುವಾಗಲೂ ಅದನ್ನು ಲೋಡ್ ಮಾಡುತ್ತದೆ. ಇದನ್ನೇ ಬಳಸಿಕೊಂಡು ಹರಡುವ ವೈರಸ್‌ಗಳಿವೆ. ಹೊರಗಿನ ಕನ್ಸಲ್ಟೆಂಟ್ ಕಳುಹಿಸಿದ ಜಿಪ್ ಫೈಲಿನಲ್ಲಿ ಡ್ರಾಯಿಂಗ್‌ಗಳ ನಡುವೆ ಇಂಥ ಒಂದು ಸಣ್ಣ ಲಿಸ್ಪ್ ಫೈಲ್ ಕೂತಿರುತ್ತದೆ. ಡ್ರಾಯಿಂಗ್ ತೆರೆದವರ ಕಂಪ್ಯೂಟರಿನಿಂದ ಅದು ಉಳಿದ ಫೋಲ್ಡರುಗಳಿಗೆ ತನ್ನ ಪ್ರತಿಗಳನ್ನು ಹಾಕುತ್ತಾ ಹೋಗುತ್ತದೆ. 2012ರಲ್ಲಿ ಮುಖ್ಯವಾಗಿ ಪೆರು ದೇಶದಲ್ಲಿ ಹರಡಿದ ಮೆಡ್ರೆ ಎಂಬುದು ಆಟೊಕ್ಯಾಡ್ ಡ್ರಾಯಿಂಗ್‌ಗಳನ್ನು ಇಮೇಲ್ ಮೂಲಕ ಹೊರಕ್ಕೆ ಕಳುಹಿಸುತ್ತಿತ್ತು ಎಂದು ಈಸೆಟ್ ಸಂಸ್ಥೆ ಪತ್ತೆಹಚ್ಚಿತು. ಅದೂ ಲಿಸ್ಪ್‌ನಲ್ಲೇ ಬರೆದದ್ದು. ಕಕ್ಷಿದಾರರ ಮನೆಯ ನಕ್ಷೆಗಳು ನಮ್ಮ ಬಳಿ ಇರುವುದು ನಂಬಿಕೆಯ ಮೇಲೆ ಎಂಬುದನ್ನು ಗಂಭೀರವಾಗಿ ಪರಿಗಣಿಸಬೇಕು.

ಆಟೊಕ್ಯಾಡ್ 2014ರಿಂದ ಸೆಕ್ಯೂರ್‌ಲೋಡ್ ಮತ್ತು ಟ್ರಸ್ಟೆಡ್‌ಪಾತ್ಸ್ ಎಂಬ ಎರಡು ಸಿಸ್ಟಮ್ ವೇರಿಯಬಲ್‌ಗಳಿವೆ. ಮೊದಲನೆಯದನ್ನು ಸೊನ್ನೆ ಮಾಡಿ ಎಚ್ಚರಿಕೆಯ ಕಿಟಕಿಯನ್ನು ನಿಲ್ಲಿಸುವ ಅಭ್ಯಾಸ ಅನೇಕ ಕಚೇರಿಗಳಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. ಕಚೇರಿಯ ಸ್ಥಳೀಯ ಫೋಲ್ಡರನ್ನು ಮಾತ್ರ ಟ್ರಸ್ಟೆಡ್‌ಪಾತ್ಸ್‌ಗೆ ಸೇರಿಸಿದರೆ ನಮ್ಮದೇ ಲಿಸ್ಪ್‌ಗಳಿಗೆ ಎಚ್ಚರಿಕೆ ಬರುವುದಿಲ್ಲ, ಹೊರಗಿನದಕ್ಕೆ ಬರುತ್ತದೆ. ಆದರೆ ನಂಬಿಕೆಗೆ ಅರ್ಹವೆಂದು ಘೋಷಿಸಿದ ಫೋಲ್ಡರ್ ಎಲ್ಲರಿಗೂ ಬರೆಯಲು ತೆರೆದಿದ್ದರೆ ಈ ರಕ್ಷಣೆಗೆ ಅರ್ಥವಿಲ್ಲ. ಸಿ ಡ್ರೈವಿನ ಬೇರಿನಲ್ಲಿ ಹೊಸದಾಗಿ ಮಾಡಿದ ಫೋಲ್ಡರಿನಲ್ಲಿ ಲಾಗಿನ್ ಆದ ಯಾರು ಬೇಕಾದರೂ ಫೈಲ್ ಬದಲಾಯಿಸುವಂತೆ ವಿಂಡೋಸ್ ತಾನಾಗಿ ಅನುಮತಿ ಕೊಟ್ಟಿರುತ್ತದೆ. ಅದನ್ನು ತೆಗೆದು, ಸಾಮಾನ್ಯ ಬಳಕೆದಾರರಿಗೆ ಓದುವ ಅನುಮತಿ ಮಾತ್ರ ಉಳಿಸಬೇಕು.

ಆಗ ಲಾಗಿನ್ ಸ್ಕ್ರಿಪ್ಟ್ ಕೆಲಸ ಮಾಡುವುದಿಲ್ಲ, ಏಕೆಂದರೆ ಅದು ಬಳಕೆದಾರರ ಅಧಿಕಾರದಲ್ಲೇ ಓಡುತ್ತದೆ. ಸರ್ವರಿನಲ್ಲೂ ಪ್ರತಿ ಕಂಪ್ಯೂಟರಿನಲ್ಲೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇರುವ, ಯಾವ ಮನುಷ್ಯರೂ ಬಳಸದ ಒಂದು ಖಾತೆ ಮಾಡಿ. ಸರ್ವರಿನ ಶೇರಿನಲ್ಲಿ ಅದಕ್ಕೆ ಓದುವ ಅನುಮತಿ, ಸ್ಥಳೀಯ ಫೋಲ್ಡರಿನಲ್ಲಿ ಬರೆಯುವ ಅನುಮತಿ ಕೊಡಿ. ಟಾಸ್ಕ್ ಶೆಡ್ಯೂಲರಿನಲ್ಲಿ ರೋಬೋಕಾಪಿಯನ್ನು ಆ ಖಾತೆಯ ಹೆಸರಿನಲ್ಲಿ, ಯಾರು ಲಾಗಿನ್ ಆಗಿದ್ದರೂ ಇಲ್ಲದಿದ್ದರೂ ಗಂಟೆಗೊಮ್ಮೆ ಓಡುವಂತೆ ಹೊಂದಿಸಿ. ಡೊಮೈನ್ ಇಲ್ಲದ ಕಚೇರಿಗೆ ಇದಕ್ಕಿಂತ ಅಚ್ಚುಕಟ್ಟಾದ ದಾರಿ ನನಗೆ ಕಾಣುವುದಿಲ್ಲ. ಸ್ಲೀಪ್‌ನಿಂದ ಎದ್ದ ಕಂಪ್ಯೂಟರಿಗೂ ಒಂದು ಗಂಟೆಯೊಳಗೆ ಹೊಸ ಸಿಟಿಬಿ ಬಂದಿರುತ್ತದೆ. ಮಣಿಪಾಲದವರು ಮ್ಯಾಪ್ ಮಾಡಿದ ಡ್ರೈವ್ ಬೇಡ ಎಂದದ್ದು ಇಲ್ಲಿ ಕಡ್ಡಾಯವಾಗುತ್ತದೆ, ಹೀಗೆ ಓಡುವ ಟಾಸ್ಕಿಗೆ ನಿಮ್ಮ ಝಡ್ ಡ್ರೈವ್ ಕಾಣಿಸುವುದೇ ಇಲ್ಲ.

ಬಲ್ಮಠ ನಕ್ಷೆ ವಿಭಾಗ

ಎಲ್ಲರಿಗೂ ಧನ್ಯವಾದಗಳು. ಫೈಂಡ್‌ಫೈಲ್ ಹಾಕಿ ನೋಡಿದೆವು; ಪ್ರತಿಯೊಬ್ಬರದೂ ಅವರವರ ರೋಮಿಂಗ್ ಫೋಲ್ಡರಿನ ಪಿಜಿಪಿಯನ್ನೇ ತೋರಿಸಿತು, ಸರ್ವರಿನಲ್ಲಿ ಇಟ್ಟದ್ದನ್ನು ಯಾರೂ ಬಳಸುತ್ತಿರಲಿಲ್ಲ. ಶೇರ್ ಬೇರೆ ಮಾಡಿ, ಬರೆಯುವ ಅಧಿಕಾರವನ್ನು ಹಿರಿಯ ಡ್ರಾಫ್ಟ್ಸ್‌ಮನ್ ಒಬ್ಬರಿಗೆ ಕೊಟ್ಟಿದ್ದೇವೆ. ಗಂಟೆಗೊಮ್ಮೆ ಓಡುವ ಟಾಸ್ಕನ್ನು ಎರಡು ಕಂಪ್ಯೂಟರುಗಳಲ್ಲಿ ಹಾಕಿದ್ದೇವೆ, ಸರಿಯಾಗಿ ನಡೆಯುತ್ತಿದೆ.

ಇನ್ನೆರಡು ಸಂದೇಹಗಳು ಉಳಿದಿವೆ. ಉಡುಪಿ ಶಾಖೆಯನ್ನು ವಿಪಿಎನ್ ಮೂಲಕ ಇದೇ ಶೇರಿಗೆ ಸೇರಿಸಬಹುದೇ? ಎರಡನೆಯದಾಗಿ, ಈಗ ಹರಡಿರುವ ಬೇರೆ ಬೇರೆ ಸಿಟಿಬಿಗಳಲ್ಲಿ ಒಂದನ್ನು ಆರಿಸಿ, ಬೇಕಾದ ತಿದ್ದುಪಡಿ ಮಾಡಿ, ಅದೇ ಹೆಸರಿನಲ್ಲಿ ಎಲ್ಲ ಕಡೆ ಹಾಕಿಬಿಡಬಹುದೇ?

ಉತ್ತರ: ಮಣಿಪಾಲ ಸಿಸ್ಟಮ್ ಅಡ್ಮಿನ್

ಉಡುಪಿಯ ಆಟೊಕ್ಯಾಡ್‌ಗಳು ವಿಪಿಎನ್ ಮೂಲಕ ನೇರವಾಗಿ ಮಂಗಳೂರಿನ ಫೋಲ್ಡರನ್ನು ಸರ್ಚ್ ಪಾತ್‌ನಲ್ಲಿ ನೋಡುವುದಂತೂ ಬೇಡವೇ ಬೇಡ. ಪ್ರತಿಯೊಂದು ಫಾಂಟ್, ಪ್ರತಿಯೊಂದು ಹ್ಯಾಚ್ ಹುಡುಕುವಾಗಲೂ ಪ್ರಶ್ನೆ ಮಂಗಳೂರಿನ ತನಕ ಹೋಗಿ ಬರಬೇಕಾಗುತ್ತದೆ. ರೋಬೋಕಾಪಿ ಮಾತ್ರ ವಿಪಿಎನ್ ಮೇಲೆ ಓಡಿದರೆ ತೊಂದರೆಯಿಲ್ಲ, ಬದಲಾದ ಫೈಲ್‌ಗಳಷ್ಟೇ ಬರುತ್ತವೆ. ಉಡುಪಿಯ ಒಂದು ಕಂಪ್ಯೂಟರ್ ಮಂಗಳೂರಿನಿಂದ ತರಿಸಿಕೊಳ್ಳಲಿ, ಉಳಿದೆರಡು ಅದರಿಂದ ಪ್ರತಿ ಮಾಡಿಕೊಳ್ಳಲಿ. ವಿಪಿಎನ್ ಇಲ್ಲದಿದ್ದರೆ ಕ್ಲೌಡ್ ಡ್ರೈವ್ ಮೂಲಕವೂ ಆಗುತ್ತದೆ, ಆದರೆ ಉಡುಪಿಯವರಿಗೆ ನೋಡುವ ಅನುಮತಿ ಮಾತ್ರ ಕೊಡಿ. ಎರಡು ಕಡೆಯಿಂದ ಒಂದೇ ಫೈಲ್ ತಿದ್ದಿದಾಗ ಕ್ಲೌಡ್ ಡ್ರೈವ್‌ಗಳು ಹೆಸರು ಬದಲಾಯಿಸಿದ ಇನ್ನೊಂದು ಪ್ರತಿ ಮಾಡಿಡುತ್ತವೆ, ಸಿಟಿಬಿಯಲ್ಲಿ ಹಾಗಾದರೆ ಪುನಃ ಮೊದಲಿನ ತೊಂದರೆಗೇ ಬಂದು ನಿಲ್ಲುತ್ತೀರಿ.

ಉತ್ತರ: ಹಂಚಿನಮಾಡು

ಸಿಟಿಬಿಯನ್ನು ಅದೇ ಹೆಸರಿನಲ್ಲಿ ತಿದ್ದಿ ಹಾಕಬೇಡಿ. ಡ್ರಾಯಿಂಗ್ ಹೆಸರನ್ನು ಮಾತ್ರ ಇಟ್ಟುಕೊಳ್ಳುತ್ತದೆ ಎಂದು ಮೊದಲೇ ಹೇಳಿದೆನಲ್ಲ. ಇಲ್ಲಿ ಅದು ಹಿಂದಕ್ಕೂ ತಟ್ಟುತ್ತದೆ. ನೀವು ಇಂದು ಗೆರೆಯ ದಪ್ಪ ಬದಲಾಯಿಸಿದರೆ, ಹಿಂದಿನ ವರ್ಷಗಳಲ್ಲಿ ಮಹಾನಗರ ಪಾಲಿಕೆಗೆ ಕೊಟ್ಟು ಮಂಜೂರಾದ ನಕ್ಷೆಗಳನ್ನೂ ನಾಳೆ ಮರು ಪ್ರಿಂಟ್ ತೆಗೆದಾಗ ಅವು ಹೊಸ ದಪ್ಪದಲ್ಲಿ ಬರುತ್ತವೆ. ಬ್ಯಾಂಕ್ ಸಾಲಕ್ಕೋ ಮನೆ ವಿಸ್ತರಣೆಗೋ ಹಳೆಯ ನಕ್ಷೆಯ ಪ್ರತಿ ಕೇಳಿಕೊಂಡು ಜನ ಬರುತ್ತಲೇ ಇರುತ್ತಾರೆ. ಮಂಜೂರಾದ ಪ್ರತಿಯನ್ನೂ ನೀವು ಕೊಟ್ಟ ಪ್ರತಿಯನ್ನೂ ಪಕ್ಕ ಪಕ್ಕ ಇಟ್ಟಾಗ ಎರಡೂ ಬೇರೆಯಾಗಿ ಕಂಡರೆ ಉತ್ತರ ಹೇಳುವುದು ಕಷ್ಟ.

ಎಲ್ಲ ಕಂಪ್ಯೂಟರುಗಳಿಂದ ಈಗಿರುವ ಸಿಟಿಬಿಗಳನ್ನು ಸಂಗ್ರಹಿಸಿ ಹೋಲಿಸಿ ನೋಡಿ. ನಿಮ್ಮ ಮಂಜೂರಾದ ನಕ್ಷೆಗಳು ಯಾವುದರಿಂದ ಪ್ರಿಂಟಾದವೋ ಅದನ್ನು ಈಗಿನ ಹೆಸರಿನಲ್ಲೇ, ಒಂದು ಗೆರೆಯನ್ನೂ ಬದಲಾಯಿಸದೆ, ಕಚೇರಿಯ ಫೋಲ್ಡರಿನಲ್ಲಿ ಇಡಿ. ತಿದ್ದುಪಡಿ ಮಾಡಿದ್ದಕ್ಕೆ ವರ್ಷ ಸೇರಿಸಿದ ಹೊಸ ಹೆಸರು ಕೊಟ್ಟು, ಟೆಂಪ್ಲೇಟಿನ ಲೇಔಟ್‌ಗಳಲ್ಲಿ ಆ ಹೆಸರನ್ನು ಆರಿಸಿ. ಇನ್ನು ಮುಂದೆ ಆರಂಭಿಸುವ ಡ್ರಾಯಿಂಗ್‌ಗಳು ಹೊಸದನ್ನೂ ಹಳೆಯವು ಹಳೆಯದನ್ನೂ ತಾವಾಗಿ ಬಳಸುತ್ತವೆ. ನಡುವೆ ಇರುವ, ಇನ್ನೂ ಕೆಲಸ ಮುಗಿಯದ ಡ್ರಾಯಿಂಗ್‌ಗಳಿಗೆ ಪೇಜ್ ಸೆಟಪ್‌ನಲ್ಲಿ ಹೆಸರು ಬದಲಾಯಿಸುವುದೋ ಬಿಡುವುದೋ ಎಂಬುದನ್ನು ಆಯಾ ಪ್ರಾಜೆಕ್ಟ್ ನೋಡಿಕೊಳ್ಳುವವರೇ ನಿರ್ಧರಿಸಲಿ.